ಅಪ್ಪನ ಊರು, ಕುಸಿದ ಬೆಟ್ಟ, ಮಗಳ ಕವಿತೆ

ಪ್ರಶ್ನೆ: ನಮ್ಮ ತಂದೆಯವರ ಊರು ಮಡಿಕೇರಿ ಸಮೀಪದ ಮಕ್ಕಂದೂರು. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಹಿರಿಯರ ಗದ್ದೆ, ಕಾಫಿ ತೋಟ ಎರಡೂ ಹೂತುಹೋದವು. ಆಗ ನಮ್ಮೊಡನೆ ಮಂಡ್ಯದಲ್ಲಿದ್ದ ಅವರು ಕಳೆದ ವರ್ಷ ತೀರಿಕೊಳ್ಳುವವರೆಗೂ ಆ ಗದ್ದೆಯ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಅವರ ಕುರಿತ ನನ್ನ ಕವಿತೆ ‘ಮುನಿದಳು ಪ್ರಕೃತಿಮಾತೆ, ನುಂಗಿದಳು ನನ್ನೂರ, ಕುಸಿಯಿತು ಹಿರಿಯರ ಬೆಟ್ಟ, ಅಯ್ಯೋ ಎಂಥ ಘೋರ’ ಎಂದು ಆರಂಭವಾಗುತ್ತದೆ. ಓದಿದವರು ಪತ್ರಿಕಾ ವರದಿಯಂತಿದೆ ಎನ್ನುತ್ತಾರೆ. ಏನು ಮಾಡಲಿ? ಪ್ರಾಸ ಬೇಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಕವಿತೆಗಿಂತ ನಿಮ್ಮ ಪತ್ರವೇ ಕಾವ್ಯಕ್ಕೆ ಹತ್ತಿರವಾಗಿದೆ, ಕಾರಣ ಆ ಪಹಣಿ. ನೆಲವೇ ಮಣ್ಣಿನಡಿ ಹೋದಮೇಲೂ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರುಗಳನ್ನು ಉಳಿಸಿಕೊಂಡಿದ್ದ ಆ ಕಾಗದವನ್ನು ಅವರು ಯಾವಾಗ ಬಿಡಿಸಿ ನೋಡುತ್ತಿದ್ದರು, ಯಾರಿಗೆ ತೋರಿಸುತ್ತಿದ್ದರು ಎಂಬುದನ್ನು ಬರೆದರೆ, ದುಃಖವೆಂಬ ಮಾತನ್ನೇ ತರಬೇಕಾಗಿಲ್ಲ. ನೀವೋ ಅದನ್ನು ಪತ್ರದಲ್ಲೇ ಬಿಟ್ಟು ಕವಿತೆಗೆ ಪ್ರಕೃತಿಮಾತೆಯನ್ನು ಕರೆತಂದಿದ್ದೀರಿ.

ಆ ಮೊದಲ ಸಾಲು ಸವಕಲಷ್ಟೇ ಅಲ್ಲ, ನಿಜವೂ ಅಲ್ಲ. ಮುಂಗಾರಿನುದ್ದಕ್ಕೂ ನೀರು ಕುಡಿದು ಭಾರವಾಗಿದ್ದ ಇಳಿಜಾರುಗಳು ಆಗಸ್ಟ್ ಮಧ್ಯದ ಬಿರುಮಳೆಗೆ ಜಾರಿದವು. ರಸ್ತೆಗೆಂದು, ನಿವೇಶನಕ್ಕೆಂದು ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಬುಡ ಕಡಿದಿದ್ದ ಕಡೆ ಕುಸಿತ ಇನ್ನೂ ಸುಲಭವಾಯಿತು. ಎಲ್ಲವನ್ನೂ ದೇವಿಯ ಮುನಿಸಿಗೆ ಹೊರಿಸಿದರೆ ಜೆಸಿಬಿ ಕವಿತೆಯಿಂದ ತಪ್ಪಿಸಿಕೊಂಡುಬಿಡುತ್ತದೆ. ಹಾಗೆಂದು ಭೂವಿಜ್ಞಾನದ ಪಾಠ ಬೇಡ. ನಿಮ್ಮ ತಂದೆಯವರೇ ಎಂದಾದರೂ ಬರೆ ಕಡಿಸಿದ್ದರೆ ಅದೊಂದು ಸಾಲು ಸಾಕು. ಶೋಕಗೀತೆಯಲ್ಲಿ ಅಪ್ಪ ದೋಷವಿಲ್ಲದವರಾಗಿರಬೇಕೆಂಬ ನಿಯಮವೇನೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು, ನೀವು ನಿಂತ ಜಾಗ. ಕುಸಿತವನ್ನು ಕಣ್ಣಾರೆ ಕಂಡವರಂತೆ ಬರೆದಿದ್ದೀರಿ, ಆದರೆ ಆ ದೃಶ್ಯಗಳೆಲ್ಲ ಟಿವಿಯವು. ವರದಿಯ ವಾಸನೆ ಬಂದಿರುವುದು ಅಲ್ಲಿಂದಲೇ. ನೀವಿದ್ದದ್ದು ಮಂಡ್ಯದಲ್ಲಿ. ಮಕ್ಕಂದೂರು ಕಡೆಯ ಮಳೆನೀರು ಹಟ್ಟಿಹೊಳೆ ಸೇರಿ, ಹಾರಂಗಿಯ ಮೂಲಕ ಕಾವೇರಿಗೆ ಕೂಡಿ, ಕನ್ನಂಬಾಡಿಗೆ ಬಂದು, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನಿಮ್ಮ ಜಿಲ್ಲೆಯ ಭತ್ತ, ಕಬ್ಬಿನ ಗದ್ದೆಗಳಿಗೆ ಹರಿಯುತ್ತದೆ. ಅದೇ ವರ್ಷದ ಜುಲೈನಲ್ಲಿ ಕಟ್ಟೆ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದ್ದರು. ಸುತ್ತಲಿನವರೆಲ್ಲ ತುಂಬಿದ ಕಟ್ಟೆಯನ್ನು ಕಂಡು ಹಿಗ್ಗುತ್ತಿದ್ದ ಆ ಮಳೆಗಾಲದಲ್ಲೇ, ಆ ನೀರು ತನ್ನ ಗದ್ದೆಯನ್ನು ಅಳಿಸಿ ಬಂದದ್ದೆಂದು ಬಲ್ಲ ಒಬ್ಬ ಹಿರಿಯರು ನಾಲೆಯ ಏರಿಯ ಮೇಲೆ ನಿಂತು ಏನನ್ನು ಹೇಳಿದರು, ಅಥವಾ ಹೇಳದೆ ಹೋದರು? ಕೊಡಗಿನಲ್ಲೇ ಇದ್ದು ಬರೆಯುವವರಿಗೆ ಸಿಗದ ವಸ್ತು ಇದು; ಕವಿತೆಯನ್ನು ಇಲ್ಲಿಂದ ಮತ್ತೆ ಬರೆಯಿರಿ.

ಪ್ರಾಸ ಕಡ್ಡಾಯವಲ್ಲ, ‘ಊರ’ಕ್ಕೆ ‘ಘೋರ’ ಬಂದಿರುವುದು ಅದರ ಹಟದಿಂದಲೇ. ಲಯ ಬೇಕೆನಿಸಿದರೆ ಐದು ಮಾತ್ರೆಯ ಗಣಗಳಲ್ಲಿ ನಡೆಯುವ, ಪ್ರಾಸದ ಹಂಗಿಲ್ಲದ ಸರಳ ರಗಳೆಯನ್ನು ಪ್ರಯತ್ನಿಸಿ. ಊರಿನ ಹೆಸರು ಇರಲಿ, ವರ್ಷವನ್ನು ಶೀರ್ಷಿಕೆಯ ಕೆಳಗೆ ಹಾಕಿದರಾಯಿತು. ಕೊನೆಯ ಚರಣದಲ್ಲಿ ತಂದೆಯವರನ್ನು ನಕ್ಷತ್ರವಾಗಿಸಿದ್ದೀರಿ; ಅದನ್ನು ದಯವಿಟ್ಟು ತೆಗೆದುಬಿಡಿ.