ಲ್ಹಾಸಾದಲ್ಲಿ ಎಷ್ಟು ದಿನ ತಂಗಬೇಕು?

ಅರವತ್ತೈದು ದಾಟಿದ ತಾಯಿಯವರೊಂದಿಗೆ ವಿಮಾನದಲ್ಲಿ ಟಿಬೆಟ್‌ನ ರಾಜಧಾನಿ ಲ್ಹಾಸಾ ತಲುಪಿ, ಮರುದಿನವೇ ಅಲ್ಲಿನ ಇನ್ನೊಂದು ಊರಾದ ಗ್ಯಾಂಟ್ಸೆಗೆ ಹೊರಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಲ್ಹಾಸಾವೇ ಸುಮಾರು 3,650 ಮೀಟರ್ ಎತ್ತರದಲ್ಲಿದ್ದು, ಯಮ್‌ಡ್ರೋಕ್ ಸರೋವರದ ಬದಿಯಿಂದ ಗ್ಯಾಂಟ್ಸೆಗೆ ಹೋಗುವ ರಸ್ತೆಯು ಸುಮಾರು 5,000 ಮೀಟರ್ ಎತ್ತರದ ಕರೋ ಲಾ ಘಟ್ಟವನ್ನು ದಾಟುವುದರಿಂದ, ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಮೊದಲ ಮೂರು ರಾತ್ರಿಗಳನ್ನಾದರೂ ಲ್ಹಾಸಾದಲ್ಲೇ ಕಳೆಯುವುದು ಕ್ಷೇಮ. ಮೊದಲ ದಿನ ವಿಶ್ರಾಂತಿಯಷ್ಟೇ ಸಾಕು. ಎರಡನೆಯ ದಿನ ಜೋಖಾಂಗ್ ದೇವಾಲಯದ ಸುತ್ತಲಿನ ಬಾರ್ಖೋರ್ ಬೀದಿಯಲ್ಲಿ, ಜಪಚಕ್ರ ತಿರುಗಿಸುತ್ತ ಪ್ರದಕ್ಷಿಣೆ ಬರುವ ಅಜ್ಜಿಯರ ಹಿಂದೆ, ಅವರದೇ ನಡಿಗೆಯಲ್ಲಿ ನಡೆಯಿರಿ. ಸೆರಾ ಮಠದ ಅಂಗಳದಲ್ಲಿ ಮಧ್ಯಾಹ್ನದ ಹೊತ್ತು ಭಿಕ್ಷುಗಳು ಚಪ್ಪಾಳೆ ತಟ್ಟಿ ಶಾಸ್ತ್ರವಾದ ಮಾಡುವುದನ್ನು (ನಮ್ಮ ಬೈಲಕುಪ್ಪೆಯ ಸೆರಾ ಇದರದೇ ಪರಂಪರೆ) ತಾಯಿಯವರು ಕುಳಿತೇ ನೋಡಬಹುದು; ಪೋತಾಲ ಅರಮನೆಯ ಮೆಟ್ಟಿಲುಗಳನ್ನು ಮಾತ್ರ ಕೊನೆಯ ದಿನಕ್ಕಿಡಿ. ತಲೆನೋವು, ವಾಕರಿಕೆ ಕಡಿಮೆಯಾಗದಿದ್ದರೆ ಗ್ಯಾಂಟ್ಸೆಯ ಕುಂಬುಮ್ ಸ್ತೂಪದ ಆಸೆಯನ್ನು ಬಿಟ್ಟು ವೈದ್ಯರನ್ನು ಕಾಣಿರಿ.