ಕಣ ವೇಗವರ್ಧಕದ ಉಂಗುರದಲ್ಲಿ ಸುತ್ತುವ ಕಣಪುಂಜ ತಂಪಾಗುವುದನ್ನು ಕಂಪ್ಯೂಟರ್‌ನಲ್ಲಿ ತೋರಿಸಲು 1000 ಕೋಟಿ ಕಣಗಳನ್ನೂ ಲೆಕ್ಕ ಹಾಕಬೇಕೆ?
ಬೇಕಿಲ್ಲ. ಇಲ್ಲಿ ತಂಪು ಎಂದರೆ ಕಣಗಳ ವೇಗದಲ್ಲಿರುವ ಏರುಪೇರು ತಗ್ಗುವುದು, ಪುಂಜ ನಿಧಾನವಾಗುವುದಿಲ್ಲ.

ಭೌತವಿಜ್ಞಾನಿ ಸೈಮನ್ ವ್ಯಾನ್ ಡರ್ ಮೀರ್ ಅವರಿಗೆ 1984ರ ನೊಬೆಲ್ ತಂದ, ತಂಪಾಗಿಸುವ ಸ್ಟೊಕ್ಯಾಸ್ಟಿಕ್ (ಯಾದೃಚ್ಛಿಕ) ವಿಧಾನವನ್ನೇ ನೋಡಿ. ಸಂವೇದಕವೊಂದು ಸಣ್ಣ ಗುಂಪಿನ ಸರಾಸರಿ ವಿಚಲನೆಯನ್ನು ಅಳೆಯುತ್ತದೆ, ಉಂಗುರದ ಇನ್ನೊಂದು ಬದಿಯಲ್ಲಿರುವ ಕಿಕ್ಕರ್, ಅಂದರೆ ಕಣಗಳನ್ನು ತುಸು ತಳ್ಳುವ ಸಾಧನ, ಅದನ್ನು ತಿದ್ದುತ್ತದೆ. ಪ್ರತಿ ಕಣಕ್ಕೂ ತನ್ನ ತಿದ್ದುಪಡಿಯ ಜೊತೆಗೆ ನೆರೆಯ ಕಣಗಳ ಗದ್ದಲವೂ ತಗಲುತ್ತದೆ. ಹಾಗಾಗಿ, ಸಂವೇದಕದ ಸಂಕೇತವನ್ನು ಬಲಪಡಿಸಿ ಕಿಕ್ಕರ್‌ಗೆ ಕಳಿಸುವ ವರ್ಧಕವನ್ನು ಸರಿಯಾಗಿ ಹೊಂದಿಸಿದರೂ, ತಂಪಾಗಲು ಬೇಕಾದ ಸಮಯ ಕಣಗಳ ಸಂಖ್ಯೆಗೆ ಅನುಗುಣವಾಗಿ ಏರುತ್ತದೆ.

ಲೆಕ್ಕ ಹಾಕುವವರಿಗೆ ಇದೇ ದೊಡ್ಡ ವರದಾನ! 1000 ಕೋಟಿಯ ಬದಲು 1 ಲಕ್ಷ ಕಣಗಳನ್ನು (1 ಲಕ್ಷ ಪಟ್ಟು ಕಡಿಮೆ) ಓಡಿಸಿ, ಬಂದ ಸುತ್ತುಗಳ ಸಂಖ್ಯೆಯನ್ನು 1 ಲಕ್ಷದಿಂದ ಗುಣಿಸಿದರೆ ನಿಜವಾದ ಅವಧಿ ಸಿಗುತ್ತದೆ. ಆದರೆ ಕಣಗಳು ಪರಸ್ಪರ ತಾಗಿ ಚದುರುವುದರಿಂದ ಹುಟ್ಟುವ ಬಿಸಿಯನ್ನೂ ಪ್ರತಿ ಸುತ್ತಿನಲ್ಲಿ ಅಷ್ಟೇ ಪಟ್ಟು ಹೆಚ್ಚಿಸಲೇಬೇಕು. ಇದನ್ನು ಬಿಟ್ಟರೆ ಪರದೆಯ ಮೇಲಿನ ಪುಂಜ ನಿಜಕ್ಕಿಂತ ತಣ್ಣಗಿರುವಂತೆ ಕಾಣುತ್ತದೆ.