ಶಾಂತಿಯ ಬಣ್ಣಕ್ಕೆ ಚಳವಳಿಯಲ್ಲೇನು ಕೆಲಸ?

ಪತ್ರ: ಹಸಿರು ಅಂದರೆ ಶಾಂತಿ, ಸುರಕ್ಷತೆ ಎಂದು ಕಳೆದ ಸಂಚಿಕೆಯ ಲೇಖನದಲ್ಲಿತ್ತು. ಹಾಗಾದರೆ ರಸ್ತೆ ತಡೆಗೆ ರೈತರು ಹಸಿರು ಶಾಲು ಹಾಕಿಕೊಂಡೇ ಬರುತ್ತಾರಲ್ಲ, ಯಾಕೆ? ಇನ್ನೊಂದು ಮಾತು. ಮಗಳ ಸೀಮಂತಕ್ಕೆ ಹಸಿರು ಬಳೆಯೇ ಆಗಬೇಕಾ? ಅವಳಿಗೆ ಕೆಂಪು ಇಷ್ಟ.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಒಳ್ಳೇ ಕಡೆ ಹಿಡಿದಿದ್ದೀರಿ. ಹಸಿರಿಗೂ ಸುರಕ್ಷತೆಗೂ ಇರುವ ನಂಟು ನಾವು ಅಂದುಕೊಂಡಷ್ಟು ಹಳೆಯದಲ್ಲ. ಬ್ರಿಟನ್ನಿನ ರೈಲ್ವೆಯಲ್ಲಿ ಮೊದಮೊದಲು ಹಸಿರು ದೀಪ ಕಂಡರೆ 'ಹುಷಾರು, ನಿಧಾನ' ಅಂತ ಅರ್ಥ. 'ದಾರಿ ಸರಿಯಿದೆ, ಹೋಗು' ಅನ್ನಲು ಇದ್ದದ್ದು ಬಿಳಿ ದೀಪ. ಇದರಲ್ಲೊಂದು ತೊಡಕಿತ್ತು. ಸಿಗ್ನಲ್ಲಿನ ಕೆಂಪು ಗಾಜು ಒಡೆದುಹೋದರೆ ಒಳಗಿನ ದೀಪ ಬಿಳಿಯಾಗೇ ಕಾಣುತ್ತಿತ್ತು. ನಿಲ್ಲಬೇಕಾದ ರೈಲು ನಿಲ್ಲದೆ ಹೋಗಬಹುದಿತ್ತು. ಬಿಳಿಯನ್ನು ಕೈಬಿಟ್ಟು ಹಸಿರಿಗೆ 'ಹೋಗು' ಅನ್ನುವ ಕೆಲಸ ವಹಿಸಿದ್ದು ಆಮೇಲೆ.

ಇನ್ನು ಹತ್ತೊಂಬತ್ತನೇ ಶತಮಾನದ ಯುರೋಪಿನ ಮನೆಗಳಲ್ಲಿ ಹಸಿರು ವಿಷವೇ ಆಗಿತ್ತು. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ 1775ರಲ್ಲಿ ತಾಮ್ರ, ಆರ್ಸೆನಿಕ್ ಸೇರಿಸಿ ಹೊಸದೊಂದು ಹಸಿರು ಬಣ್ಣ ತಯಾರಿಸಿದ. ಮುಂದೆ ಇಂಥ ಆರ್ಸೆನಿಕ್ ಹಸಿರು ಗೋಡೆಯ ಕಾಗದಕ್ಕೂ ಬಂತು, ಉಡುವ ಬಟ್ಟೆಗೂ ಬಂತು. ಲಂಡನ್ನಿನಲ್ಲಿ ಮಟಿಲ್ಡಾ ಶೂರರ್ ಎಂಬ 19ರ ಹುಡುಗಿಗೆ ಕೃತಕ ಹೂವಿನ ಎಲೆಗಳಿಗೆ ಈ ಪುಡಿ ಉದುರಿಸುವ ಕೆಲಸ. ದಿನವಿಡೀ ಅದನ್ನೇ ಉಸಿರಾಡಬೇಕು. 1861ರಲ್ಲಿ ಅವಳು ಸತ್ತಾಗ ಕಣ್ಣಿನ ಬಿಳಿಭಾಗ ಕೂಡ ಹಸಿರಾಗಿತ್ತಂತೆ. ಇಷ್ಟಕ್ಕೆಲ್ಲ ಕಾರಣ ಏನು ಗೊತ್ತಾ? ಶ್ರೀಮಂತರ ಮನೆಯ ಹೆಂಗಸರ ತಲೆಗೊಂದು ಅಲಂಕಾರ!

ಶಾಲಿನ ವಿಷಯಕ್ಕೆ ಬರೋಣ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ರಾಷ್ಟ್ರಧ್ವಜದ ಬಗ್ಗೆ ಮಾತಾಡುತ್ತಾ ಡಾ. ರಾಧಾಕೃಷ್ಣನ್ ಅವರು, ಹಸಿರು ನಮಗೂ ಮಣ್ಣಿಗೂ ಗಿಡಮರಗಳಿಗೂ ಇರುವ ಸಂಬಂಧ ಅಂದಿದ್ದರು. ಮಣ್ಣಿನ ಸಂಬಂಧ ಅಂದಮೇಲೆ ಅಲ್ಲಿ ಬರೀ ಶಾಂತಿ ಎಲ್ಲಿರುತ್ತೆ? ಸಾಲ, ಬೆಲೆ, ನೀರಿನ ಜಗಳ ಎಲ್ಲಾ ಇರುತ್ತೆ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಶುರುವಾಯಿತು, ಹಸಿರು ಶಾಲು ಅದರ ಗುರುತಾಯಿತು. ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ ಆ ಶಾಲು ಕಂಡರೆ ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಸರಿಯುತ್ತಿತ್ತು. ಬಿಸಿಲಿಗೆ ತಲೆಗೆ ಸುತ್ತಿಕೊಳ್ಳಬಹುದು, ಬೆವರು ಒರೆಸಬಹುದು, ಘೋಷಣೆ ಕೂಗುವಾಗ ಬೀಸಬಹುದು. ಆಮೇಲೆ ರಾಜಕಾರಣಿಗಳ ಹೆಗಲಿಗೂ ಬಂತು. 2018ರ ಮೇ 17ರಂದು ಯಡಿಯೂರಪ್ಪನವರು ಹಸಿರು ಶಾಲು ಹೊದ್ದೇ ಪ್ರಮಾಣವಚನ ತೆಗೆದುಕೊಂಡರು. 19ಕ್ಕೆ ರಾಜೀನಾಮೆ, ಅದು ಬೇರೆ ಕಥೆ. ನನಗಂತೂ ವೇದಿಕೆ ಮೇಲಿನ ಇಸ್ತ್ರಿ ಮಾಡಿದ ಶಾಲಿಗಿಂತ ಬಣ್ಣ ಮಾಸಿದ ಶಾಲಿನ ಮೇಲೇ ನಂಬಿಕೆ ಜಾಸ್ತಿ.

ಇನ್ನು ಬಳೆ. ತುಂಬು ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸುವುದು ಮಡಿಲು ತುಂಬಲಿ, ಬಾಳು ಹಸನಾಗಲಿ ಅಂತ. ಅದನ್ನು ಪೂರ್ತಿ ಬಿಟ್ಟರೆ ಹಿರಿಯರಿಗೆ ಬೇಜಾರಾಗಬಹುದು, ಅಲ್ವಾ? ಹಸಿರಿನ ನಡುನಡುವೆ ಕೆಂಪು ಸೇರಿಸಿ ಅನ್ನಿ, ಬಳೆ ಅಂಗಡಿಯವರೇ ಜೋಡಿಸಿ ಕೊಡುತ್ತಾರೆ. ಅಳತೆ ಮಾತ್ರ ಸ್ವಲ್ಪ ದೊಡ್ಡದೇ ತನ್ನಿ. ದಿನ ತುಂಬುತ್ತಾ ಬಂದ ಹಾಗೆ ಕೈ ಊದಿಕೊಳ್ಳುತ್ತೆ.